ನಿಂಬೆರಸ, ಬಾವಂಚಿ ಬೀಜ ಮತ್ತು ಬಿಸಿಲು: ಚರ್ಮವನ್ನು ಸುಡುವ ಗುಣವೇ ಮದ್ದಾದ ಬಗೆ

ರಾಮನವಮಿಯ ದಿನ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೀದಿಗೊಂದು ಪೆಂಡಾಲು ಏಳುತ್ತದೆ. ನಮ್ಮ ಬೀದಿಯ ಹುಡುಗರೂ ಈ ವರ್ಷ ಬೆಳಗಿನಿಂದಲೇ ಪಾನಕಕ್ಕೂ ಕೋಸಂಬರಿಗೂ ನಿಂಬೆಹಣ್ಣು ಹಿಂಡಿ, ಮಧ್ಯಾಹ್ನ ಎರಡು ಗಂಟೆಯವರೆಗೆ ಬಿಸಿಲಿನಲ್ಲಿ ನಿಂತು ದಾರಿಹೋಕರಿಗೆ ಹಂಚಿದರು. ಅವರಲ್ಲೊಬ್ಬನಿಗೆ ಮರುದಿನ ಸಂಜೆ ಬಲಗೈ ಉರಿಯತೊಡಗಿತು. ಮೂರನೆಯ ದಿನ ನಾನು ನೋಡಿದಾಗ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಚರ್ಮ ಕೆಂಪಾಗಿ ಊದಿಕೊಂಡಿತ್ತು, ಮುಂಗೈ ಮೇಲೆ ಹೆಸರುಕಾಳಿನ ಗಾತ್ರದ ನೀರುಗುಳ್ಳೆಗಳು ಎದ್ದಿದ್ದವು, ಮಣಿಕಟ್ಟಿನಿಂದ ಮೊಣಕೈಯ ಕಡೆಗೆ ಒಂದು ಕೆಂಪು ಗೆರೆ ಸೊಟ್ಟಸೊಟ್ಟಗೆ ಇಳಿದಿತ್ತು. ಮನೆಯವರು ಸರ್ಪಸುತ್ತು ಎಂದು ಹೆದರಿದ್ದರು. ಚರ್ಮವೈದ್ಯರು ಕೇಳಿದ್ದು ಎರಡೇ ಪ್ರಶ್ನೆ: ನಿಂಬೆಹಣ್ಣು ಹಿಂಡಿದ್ದೆಯಾ, ಆಮೇಲೆ ಬಿಸಿಲಿಗೆ ಹೋಗಿದ್ದೆಯಾ? ಕೈಮೇಲಿನ ಆ ಗೆರೆ ರಸ ಹರಿದ ದಾರಿಯಾಗಿತ್ತು.

ನಿಂಬೆಯ ಹುಳಿಯೇ ಸುಟ್ಟಿತು ಎಂದುಕೊಳ್ಳುವುದು ಸಹಜ. ಆದರೆ ಅಡುಗೆಮನೆಯಲ್ಲಿ ದಿನವೂ ನಿಂಬೆ ಹಿಂಡುವವರ ಕೈಗೆ ಏನೂ ಆಗುವುದಿಲ್ಲ. ಇಲ್ಲಿ ಕೆಲಸ ಮಾಡಿದ್ದು ಹುಳಿಯಲ್ಲ; ಹಣ್ಣಿನ ಸಿಪ್ಪೆಯಲ್ಲಿರುವ, ಕತ್ತಲಲ್ಲಿ ಸುಮ್ಮನಿದ್ದು ಬೆಳಕು ಬಿದ್ದೊಡನೆ ಎಚ್ಚರಗೊಳ್ಳುವ ಒಂದು ಜಾತಿಯ ವಸ್ತು. ಇದೇ ವಸ್ತುವಿನಿಂದ ತೊನ್ನಿಗೆ, ಸೋರಿಯಾಸಿಸ್‌ಗೆ, ಒಂದು ಬಗೆಯ ರಕ್ತಕೋಶದ ಕ್ಯಾನ್ಸರಿಗೆ ಚಿಕಿತ್ಸೆಗಳು ಹುಟ್ಟಿವೆ. ಈಚೆಗೆ ಬಾಕುಚಿ (ಬಾವಂಚಿ ಬೀಜ) ಹೆಸರಿನ ಎಣ್ಣೆ ಮತ್ತು ಸೀರಮ್‌ಗಳು ಆನ್‌ಲೈನಿನಲ್ಲಿ ಮನೆಮನೆಗೆ ಬರುತ್ತಿರುವುದರಿಂದ ಈ ವಿಷಯವನ್ನು ಬುಡದಿಂದ ತಿಳಿದುಕೊಳ್ಳುವ ಅಗತ್ಯ ಈಗ ಹೆಚ್ಚಾಗಿದೆ.

ಬೆಂಕಿಕಡ್ಡಿ ಮತ್ತು ಪೆಟ್ಟಿಗೆ

ಬೆಂಕಿಕಡ್ಡಿ ಜೇಬಿನಲ್ಲಿದ್ದರೆ ಉರಿಯುವುದಿಲ್ಲ, ಪೆಟ್ಟಿಗೆಯ ಮದ್ದುಪಟ್ಟಿ ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಎರಡೂ ಗೀರಿದಾಗಲೇ ಬೆಂಕಿ. ಚರ್ಮದ ಮೇಲಿನ ಸಸ್ಯರಸ ಮತ್ತು ಬಿಸಿಲಿನ ಸಂಬಂಧ ಹೀಗೆಯೇ ಇದೆ. ರಸವನ್ನು ಬೆಳಕು ಬೀಳುವ ಮೊದಲೇ ತೊಳೆದುಬಿಟ್ಟರೆ ತೊಂದರೆಯಿಲ್ಲ, ರಸವಿಲ್ಲದ ಚರ್ಮಕ್ಕೆ ಅಷ್ಟು ಹೊತ್ತಿನ ಬಿಸಿಲು ಏನೂ ಮಾಡುವುದಿಲ್ಲ. ಎರಡೂ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಸೇರಿದಾಗ ಚರ್ಮ ಸುಡುತ್ತದೆ. ಬೆಳಕಿನ ಶಕ್ತಿಯನ್ನು ಹೀರಿಕೊಂಡು ಅದನ್ನು ಪಕ್ಕದ ಜೀವಕೋಶದ ಮೇಲೆ ಪ್ರಯೋಗಿಸುವ ಇಂಥ ವಸ್ತುವನ್ನು ದ್ಯುತಿಸಂವೇದಕ ಎನ್ನುತ್ತಾರೆ.

ಬೆಳಕು ಎಂದಾಗ ಕಣ್ಣಿಗೆ ಕಾಣುವ ಬೆಳಕಲ್ಲ. ಸೂರ್ಯನ ಕಿರಣಗಳಲ್ಲಿ ನೇರಳೆ ಬಣ್ಣದಿಂದಾಚೆಗೆ, ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಅವುಗಳಲ್ಲಿ ನೆಲ ಮುಟ್ಟುವವು ಮುಖ್ಯವಾಗಿ ಎರಡು: ಸುಮಾರು 320ರಿಂದ 400 ನ್ಯಾನೊಮೀಟರ್ ಅಲೆಯುದ್ದದ ಯುವಿ-ಎ ಮತ್ತು ಅದಕ್ಕಿಂತ ಕಿರಿದಾದ ಅಲೆಯ ಯುವಿ-ಬಿ. ಸಾಮಾನ್ಯವಾಗಿ ಬಿಸಿಲಿಗೆ ಚರ್ಮ ಕೆಂಪಾಗಲು ಹೆಚ್ಚಾಗಿ ಯುವಿ-ಬಿ ಕಾರಣ. ಸಸ್ಯದ ಈ ವಸ್ತುಗಳನ್ನು ಎಬ್ಬಿಸುವುದು ಯುವಿ-ಎ. ಅದು ಚರ್ಮದಲ್ಲಿ ಹೆಚ್ಚು ಆಳಕ್ಕೆ ಇಳಿಯುತ್ತದೆ, ತೆಳು ಮೋಡವನ್ನೂ ಸಾಮಾನ್ಯ ಕಿಟಕಿಯ ಗಾಜನ್ನೂ ದಾಟಿ ಬರುತ್ತದೆ.

ಬೆಂಗಳೂರಿನವರು ಇಲ್ಲಿ ಒಂದು ವಿಷಯದಲ್ಲಿ ಮೋಸ ಹೋಗುತ್ತಾರೆ. ಗಾಳಿ ತಂಪಾಗಿದ್ದರೆ ಬಿಸಿಲೂ ಸೌಮ್ಯವೆಂದು ನಾವು ಭಾವಿಸುತ್ತೇವೆ. ಆದರೆ ನೇರಳಾತೀತ ಕಿರಣಕ್ಕೂ ಸೆಕೆಗೂ ನೇರ ಸಂಬಂಧವಿಲ್ಲ. ಸಮುದ್ರಮಟ್ಟದಿಂದ 1000 ಮೀಟರ್ ಏರಿದರೆ ಈ ಕಿರಣಗಳು ಸುಮಾರು ಶೇ. 10ರಷ್ಟು ಹೆಚ್ಚುತ್ತವೆ, ಈ ಊರು 900 ಮೀಟರಿಗಿಂತ ಎತ್ತರದಲ್ಲಿದೆ, ಸಾಲದೆಂಬಂತೆ ಭೂಮಧ್ಯರೇಖೆಗೂ ಹತ್ತಿರದಲ್ಲಿದೆ.

ಸೊರಾಲೆನ್ ಮಾಡುವ ಕೆಲಸ

ಈ ವಸ್ತುಗಳ ಕುಲದ ಹೆಸರು ಫ್ಯುರಾನೊಕೂಮರಿನ್. ಕುಲದ ಹಿರಿಯ ಸದಸ್ಯನೆಂದರೆ ಸೊರಾಲೆನ್. ನಿಂಬೆ ಮತ್ತು ಅಂಜೂರದಲ್ಲಿರುವ ಬರ್ಗಾಪ್ಟೆನ್, ಔಷಧವಾಗಿ ಬಳಕೆಯಲ್ಲಿರುವ ಮೆಥಾಕ್ಸಲೆನ್ ಇವೆಲ್ಲ ಅದರ ಹತ್ತಿರದ ನೆಂಟರು. ಇವುಗಳ ಅಣು ಚಪ್ಪಟೆಯಾಗಿರುತ್ತದೆ, ಮತ್ತು ಕಥೆಯೆಲ್ಲ ಈ ಚಪ್ಪಟೆ ಆಕಾರದಲ್ಲಿಯೇ ಇದೆ.

ನಮ್ಮ ಜೀವಕೋಶದೊಳಗಿನ ಡಿಎನ್‌ಎಯನ್ನು ಚೀಲದ ಜಿಪ್ಪಿಗೆ ಹೋಲಿಸಬಹುದು: ಎರಡು ಪಟ್ಟಿಗಳು, ನಡುವೆ ಒಂದಕ್ಕೊಂದು ಕಚ್ಚಿಕೊಂಡ ಹಲ್ಲುಗಳು. ಜೀವಕೋಶ ಒಂದು ಎರಡಾಗಬೇಕಾದರೆ ಈ ಜಿಪ್ಪು ಬಿಚ್ಚಿಕೊಳ್ಳಬೇಕು. ಚಪ್ಪಟೆಯಾದ ಸೊರಾಲೆನ್ ಅಣು ಹಲ್ಲುಗಳ ನಡುವಿನ ಸಂದಿಗೆ ನುಸುಳಿ ಕುಳಿತುಕೊಳ್ಳುತ್ತದೆ. ಕತ್ತಲಲ್ಲಿ ಅದು ಬಂದಂತೆಯೇ ಹೊರಟುಹೋಗಬಹುದು. ಆದರೆ ಅದು ಅಲ್ಲಿ ಕುಳಿತಿರುವಾಗ ಯುವಿ-ಎ ಕಿರಣ ಬಿದ್ದರೆ, ಆ ಶಕ್ತಿಯನ್ನು ಹೀರಿಕೊಂಡು ಮೊದಲು ಒಂದು ಪಟ್ಟಿಗೆ ಅಂಟಿಕೊಳ್ಳುತ್ತದೆ. ಇನ್ನೊಂದು ಕಿರಣ ಬಿದ್ದರೆ ಅದರ ಇನ್ನೊಂದು ತುದಿ ಎದುರಿನ ಪಟ್ಟಿಗೂ ಅಂಟಿ, ಎರಡೂ ಪಟ್ಟಿಗಳನ್ನು ಸೇರಿಸಿ ಹೊಲಿಗೆ ಹಾಕಿದಂತಾಗುತ್ತದೆ. ಹೊಲಿಗೆ ಬಿದ್ದ ಜಿಪ್ಪು ಬಿಚ್ಚುವುದಿಲ್ಲ. ಕೋಶ ತನ್ನನ್ನು ರಿಪೇರಿ ಮಾಡಿಕೊಳ್ಳಲು ನೋಡುತ್ತದೆ, ಆಗದಿದ್ದರೆ ಸಾಯುತ್ತದೆ.

ಹಾನಿ ತೋರಲು ಒಂದೆರಡು ದಿನ ಹಿಡಿಯುವುದರಿಂದಲೇ ಕಾರಣ ಪತ್ತೆಯಾಗುವುದು ಕಷ್ಟವಾಗುತ್ತದೆ. ಕೆಂಪು ಮತ್ತು ಉರಿ ಸುಮಾರು 24 ಗಂಟೆಗಳ ಬಳಿಕ ಆರಂಭವಾಗಿ 48ರಿಂದ 72 ಗಂಟೆಗಳಲ್ಲಿ ತಾರಕಕ್ಕೇರುತ್ತವೆ. ಅಷ್ಟರಲ್ಲಿ ನಿಂಬೆ ಹಿಂಡಿದ್ದು ಮರೆತೇ ಹೋಗಿರುತ್ತದೆ. ಗುಳ್ಳೆ ಒಣಗಿದ ಮೇಲೆ ಆ ಜಾಗ ಕಂದುಗಪ್ಪಾಗುತ್ತದೆ, ಏಕೆಂದರೆ ಪೆಟ್ಟು ತಿಂದ ಚರ್ಮದಲ್ಲಿ ಬಣ್ಣ ತಯಾರಿಸುವ ಮೆಲನೊಸೈಟ್ ಕೋಶಗಳು ಚುರುಕಾಗಿ ಹೆಚ್ಚು ಮೆಲನಿನ್ ಉತ್ಪಾದಿಸುತ್ತವೆ. ವೈದ್ಯರ ಗಮನ ಸೆಳೆದದ್ದು ಈ ಕಡೆಯ ಪರಿಣಾಮ.

ಗಿಡಕ್ಕೆ ಇದರಿಂದ ಏನು ಲಾಭ?

ಓಡಲಾರದ ಗಿಡಕ್ಕೆ ರಸಾಯನವೇ ಆಯುಧ. ಫ್ಯುರಾನೊಕೂಮರಿನ್‌ಗಳು ಎಲೆ ತಿನ್ನುವ ಹುಳುಗಳಿಗೂ ಶಿಲೀಂಧ್ರಗಳಿಗೂ ವಿಷ, ಬಿಸಿಲಿನಲ್ಲಿ ಇನ್ನೂ ಹೆಚ್ಚಿನ ವಿಷ. ಅಮೆರಿಕದ ಕೀಟವಿಜ್ಞಾನಿ ಮೇ ಬೆರೆನ್‌ಬಾಮ್ ಇದನ್ನು 1978ರಲ್ಲಿ ಪ್ರಯೋಗದಿಂದ ತೋರಿಸಿದರು. ಇದಕ್ಕೆ ಪ್ರತಿಯಾಗಿ ಕೆಲವು ಹುಳುಗಳು ಎಲೆಯನ್ನು ಸುರುಳಿ ಸುತ್ತಿ ಅದರ ನೆರಳಿನಲ್ಲಿ ಕುಳಿತು ತಿನ್ನುತ್ತವೆ. ಕಪ್ಪು ಸ್ವಾಲೋಟೇಲ್ ಎಂಬ ಚಿಟ್ಟೆಯ ಮರಿಹುಳು ಈ ವಿಷವನ್ನು ಒಡೆಯುವ ಕಿಣ್ವವನ್ನೇ ಬೆಳೆಸಿಕೊಂಡಿದೆ. ನಮ್ಮ ಬಾಲ್ಕನಿಯ ಕರಿಬೇವನ್ನೂ ಹಿತ್ತಲ ನಿಂಬೆಯನ್ನೂ ಒಂದೇ ವಾರದಲ್ಲಿ ಬೋಳು ಮಾಡುವ ಹಸಿರು ಮರಿಹುಳುಗಳು ಆ ಚಿಟ್ಟೆಯ ಬಂಧುಗಳೇ.

ಎಲ್ಲೆಲ್ಲಿ ಇದೆ, ಯಾವುದು ಇದಲ್ಲ

ನಮ್ಮ ಸುತ್ತ ಇದು ಹೆಚ್ಚಾಗಿರುವುದು ನಿಂಬೆಯ ಜಾತಿಯಲ್ಲಿ. ರಸಕ್ಕಿಂತ ಸಿಪ್ಪೆಯ ಎಣ್ಣೆಯಲ್ಲಿ ಇದರ ಪ್ರಮಾಣ ಅಧಿಕ. ಹಣ್ಣನ್ನು ಬಿಗಿಯಾಗಿ ಹಿಂಡುವಾಗ ಸಿಪ್ಪೆಯಿಂದ ಚಿಮ್ಮುವ ಸಣ್ಣ ಹನಿಗಳಲ್ಲಿ ಆ ಎಣ್ಣೆ ಕೈಮೇಲೆ ಬೀಳುತ್ತದೆ. ಅಂಜೂರದ ಎಲೆ ಮತ್ತು ಹಾಲಿನಲ್ಲಿಯೂ ಇದೆ. ತಂಪು ದೇಶಗಳಲ್ಲಿ ಸೆಲರಿ, ಪಾರ್ಸ್ನಿಪ್ ಮತ್ತು ಅವುಗಳ ಕುಟುಂಬದ ದೈತ್ಯ ಕಳೆಗಿಡಗಳು ರೈತರ ಕೈ ಸುಡುತ್ತವೆ. ಬರ್ಗಮಾಟ್ ಎಂಬ ಹುಳಿಹಣ್ಣಿನ ಎಣ್ಣೆ ಬೆರೆಸಿದ ಸುಗಂಧದ್ರವ್ಯವನ್ನು ಕುತ್ತಿಗೆಗೆ ಹಚ್ಚಿಕೊಂಡವರಿಗೆ ಅದು ಇಳಿದ ದಾರಿಯಲ್ಲಿ ಪದಕದಂತೆ ಕಪ್ಪು ಕಲೆ ಮೂಡುವುದನ್ನು ಯುರೋಪಿನ ವೈದ್ಯರು 20ನೇ ಶತಮಾನದ ಮೊದಲ ದಶಕಗಳಲ್ಲಿಯೇ ದಾಖಲಿಸಿದ್ದರು. ಈಗ ಆ ಎಣ್ಣೆಯಿಂದ ಬರ್ಗಾಪ್ಟೆನ್ ತೆಗೆದು ಬಳಸುವುದು ರೂಢಿ. ಊಟದಲ್ಲಿ ಬಳಸುವಷ್ಟು ನಿಂಬೆ ಹೊಟ್ಟೆಗೆ ಹೋದರೆ ಚರ್ಮಕ್ಕೆ ಹೀಗಾಗುವುದಿಲ್ಲ, ಆ ಭಯ ಬೇಡ.

ಇದನ್ನು ಅಲರ್ಜಿ ಎಂದು ಕರೆಯುವುದು ತಪ್ಪು. ಅಲರ್ಜಿಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಒಂದು ವಸ್ತುವನ್ನು ಶತ್ರುವೆಂದು ಗುರುತಿಟ್ಟುಕೊಂಡು ಮತ್ತೆ ಕಂಡಾಗ ಮೇಲೆ ಬೀಳುತ್ತದೆ. ಅದು ಕೆಲವರಿಗೆ ಮಾತ್ರ ಆಗುತ್ತದೆ. ಸೊರಾಲೆನ್ ಸುಡುವುದಕ್ಕೆ ರಕ್ಷಣಾ ವ್ಯವಸ್ಥೆಯ ಅಪ್ಪಣೆ ಬೇಕಿಲ್ಲ, ಸಾಕಷ್ಟು ರಸ ಮತ್ತು ಸಾಕಷ್ಟು ಬಿಸಿಲು ಇದ್ದರೆ ಮೊದಲ ಸಲವೇ ಯಾರಿಗಾದರೂ ಆಗಬಹುದು. ಬೆಂಗಳೂರಿನ ಖಾಲಿ ಸೈಟುಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಕಣ್ಣುರೆಪ್ಪೆ, ಕುತ್ತಿಗೆ ಮತ್ತು ಮೊಣಕೈ ಮಡಿಕೆಗಳಲ್ಲಿ ತರುವ ತುರಿಕೆ ನಿಜವಾದ ಅಲರ್ಜಿ. ಬಿಸಿಲಿಗೆ ಅದೂ ಕೆರಳಬಹುದಾದ್ದರಿಂದ ಎರಡನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ.

ದನಗಳಲ್ಲಿ ಕಾಣುವ ಮೂರನೆಯ ಬಗೆಯೊಂದಿದೆ. ಲಂಟಾನ ಸೊಪ್ಪು ಮೇಯ್ದ ಹಸುವಿನ ಮೂತಿ, ಕೆಚ್ಚಲು ಮತ್ತು ಬಿಳಿ ಕೂದಲಿನ ಭಾಗಗಳು ಬಿಸಿಲಿಗೆ ಸುಟ್ಟು ಸಿಪ್ಪೆ ಏಳುವುದನ್ನು ಹಳ್ಳಿಯವರು ಬಲ್ಲರು. ಲಂಟಾನದ ವಿಷ ಬೆಳಕಿನೊಂದಿಗೆ ನೇರವಾಗಿ ವರ್ತಿಸುವುದಿಲ್ಲ, ಅದು ಯಕೃತ್ತನ್ನು ಕೆಡಿಸುತ್ತದೆ. ಹುಲ್ಲಿನ ಪತ್ರಹರಿತು ಜೀರ್ಣವಾದಾಗ ಹುಟ್ಟುವ ಫಿಲೊಎರಿಥ್ರಿನ್ ಎಂಬ ವಸ್ತುವನ್ನು ಕೆಟ್ಟ ಯಕೃತ್ತು ಹೊರಹಾಕಲಾರದೆ ಹೋಗಿ, ಅದು ರಕ್ತದ ಮೂಲಕ ಚರ್ಮ ಸೇರಿ ಬಿಸಿಲಿಗೆ ಕಾದು ಕೂರುತ್ತದೆ.

ಬಾವಂಚಿಯ ಹಳೆಯ ಹಾದಿ

ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಸುತ್ತಿನ ಗ್ರಂಧಿಗೆ ಅಂಗಡಿಗಳಲ್ಲಿ ಬಾವಂಚಿ ಎಂದು ಕೇಳಿದರೆ ಹುರುಳಿಗಿಂತ ಸಣ್ಣದಾದ, ಮೂತ್ರಪಿಂಡದ ಆಕಾರದ, ಕಪ್ಪು ಬೀಜಗಳನ್ನು ಅಳೆದು ಕೊಡುತ್ತಾರೆ. ಸಂಸ್ಕೃತದಲ್ಲಿ ಬಾಕುಚಿ. ಸಸ್ಯಶಾಸ್ತ್ರದಲ್ಲಿ ಸೊರಾಲಿಯಾ ಕೊರಿಲಿಫೋಲಿಯಾ ಎಂಬ ಹೆಸರು ಬಹುಕಾಲ ಇತ್ತು, ಸೊರಾಲೆನ್ ಎಂಬ ಹೆಸರು ಬಂದದ್ದು ಅದರಿಂದಲೇ. ತೊನ್ನಿಗೆ ಬಾವಂಚಿಯನ್ನು ಬಳಸುವುದು ಈ ನೆಲದಲ್ಲಿ ಬಹಳ ಹಳೆಯ ಪದ್ಧತಿ.

ಬಿಸಿಲನ್ನು ಸೇರಿಸಿದ ಚಿಕಿತ್ಸೆ ಚರಕ ಸಂಹಿತೆಯಲ್ಲಿ ಸ್ಪಷ್ಟವಾಗಿದೆ. ತೊನ್ನಿಗೆ ಅಲ್ಲಿ ಹೇಳಿರುವುದು ಮಲಪೂ ಎಂಬ ಗಿಡದ ರಸ. ವ್ಯಾಖ್ಯಾನಕಾರರ ಪ್ರಕಾರ ಅದು ಕಾಡು ಅತ್ತಿ, ಅಂದರೆ ಅಂಜೂರದ ಕುಲದ್ದೇ. ಆ ರಸವನ್ನು ಬೆಲ್ಲದೊಂದಿಗೆ ಕುಡಿದು, ಮೈಗೆ ಎಣ್ಣೆ ಹಚ್ಚಿಕೊಂಡು, ಶಕ್ತಿ ಇದ್ದಷ್ಟು ಬಿಸಿಲಿನಲ್ಲಿ ಇರಬೇಕು. ಬಿಳಿ ಮಚ್ಚೆಯ ಮೇಲೆ ಏಳುವ ಗುಳ್ಳೆಗಳನ್ನು ಮುಳ್ಳಿನಿಂದ ಒಡೆಯಬೇಕು ಎಂದಿದೆ. ಗಿಡದ ರಸ, ಬಿಸಿಲು, ಗುಳ್ಳೆ: ನಮ್ಮ ಬೀದಿಯ ಹುಡುಗನ ಕೈಮೇಲೆ ನಡೆದದ್ದೂ ಇದೇ ಕ್ರಮದಲ್ಲಿ. ಈಜಿಪ್ಟಿನಲ್ಲಿ ಅಮ್ಮಿ ಮೇಜಸ್ ಎಂಬ, ಜೀರಿಗೆಯ ಕುಟುಂಬದ ಗಿಡದ ಬೀಜವನ್ನು ಇದೇ ರೀತಿ ಬಳಸುತ್ತಿದ್ದರು. 13ನೇ ಶತಮಾನದ ಅರಬ್ ಸಸ್ಯವಿಜ್ಞಾನಿ ಇಬ್ನ್ ಅಲ್-ಬೈತಾರ್ ಅದನ್ನು ಬರೆದಿಟ್ಟಿದ್ದಾನೆ.

ಬೀಜದೊಳಗಿನ ವಸ್ತುವನ್ನು ಬೇರ್ಪಡಿಸಿದ ಕೆಲಸದಲ್ಲಿ ನಮ್ಮ ಊರಿನ ಪಾಲಿದೆ ಎಂಬುದನ್ನು ಹೇಳಲು ನನಗೆ ಹೆಮ್ಮೆ. ಎಚ್. ಎಸ್. ಜೋಯಿಸ್, ಬಿ. ಎಲ್. ಮಂಜುನಾಥ್ ಮತ್ತು ಎಸ್. ವೆಂಕಟರಾವ್ ಬಾವಂಚಿ ಬೀಜದ ರಾಸಾಯನಿಕ ಪರೀಕ್ಷೆಯನ್ನು 1933ರಲ್ಲಿ ಪ್ರಕಟಿಸಿ ಸೊರಾಲೆನ್ ಅನ್ನು ಜಗತ್ತಿಗೆ ಪರಿಚಯಿಸಿದರು. ಮಂಜುನಾಥ್ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ರಸಾಯನಶಾಸ್ತ್ರ ವಿಭಾಗದವರು. 1940ರ ದಶಕದಲ್ಲಿ ಈಜಿಪ್ಟಿನ ಫಹ್ಮಿ ಮತ್ತು ಅಬು-ಶಾದಿ ಅಮ್ಮಿ ಬೀಜದಿಂದ ಮೆಥಾಕ್ಸಲೆನ್ ತೆಗೆದರು, ಕೈರೋದ ಚರ್ಮವೈದ್ಯ ಎಲ್ ಮೊಫ್ತಿ ಅದನ್ನು ತೊನ್ನಿನ ರೋಗಿಗಳಿಗೆ ಕೊಟ್ಟು ನೋಡಿದರು.

ಪೂವಾ: ಅಳತೆಯ ಮದ್ದು, ಅಳತೆಯ ಬೆಳಕು

1974ರಲ್ಲಿ ಅಮೆರಿಕದ ಪ್ಯಾರಿಷ್, ಫಿಟ್ಸ್‌ಪ್ಯಾಟ್ರಿಕ್, ಟ್ಯಾನೆನ್‌ಬಾಮ್ ಮತ್ತು ಪಾಠಕ್ ಅವರು ಸೋರಿಯಾಸಿಸ್ ರೋಗಿಗಳಿಗೆ ಮೆಥಾಕ್ಸಲೆನ್ ನುಂಗಿಸಿ, ಹೊಸದಾಗಿ ತಯಾರಾದ ಶಕ್ತಿಶಾಲಿ ಯುವಿ-ಎ ದೀಪಗಳ ಬೆಳಕಿಗೆ ಒಡ್ಡಿದ ಫಲಿತಾಂಶವನ್ನು ಪ್ರಕಟಿಸಿದರು. ಸೊರಾಲೆನ್‌ನ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರವಾದ ‘ಪಿ’ಗೆ ಯುವಿ-ಎ ಸೇರಿ ಚಿಕಿತ್ಸೆಗೆ ಪೂವಾ ಎಂಬ ಹೆಸರು ಬಂತು. ಇದರಲ್ಲಿ ಹೊಸದು ಗಿಡದ ವಸ್ತುವಲ್ಲ, ಅಳತೆ. ಬಿಸಿಲು ಗಂಟೆಗೊಂದು ಬಗೆ, ಋತುವಿಗೊಂದು ಬಗೆ. ದೀಪದ ಬೆಳಕನ್ನು ಸೆಕೆಂಡುಗಳಲ್ಲಿ ಲೆಕ್ಕ ಹಾಕಬಹುದು.

ಚಿಕಿತ್ಸೆ ನಡೆಯುವ ಪೆಟ್ಟಿಗೆ ಹಳೆಯ ಟೆಲಿಫೋನ್ ಬೂತಿನಂತಿರುತ್ತದೆ. ಒಳಗೋಡೆಯ ಸುತ್ತಲೂ ಆಳುದ್ದದ ಟ್ಯೂಬ್‌ಲೈಟುಗಳು. ರೋಗಿ ದೇಹದ ತೂಕಕ್ಕೆ ತಕ್ಕ ಮಾತ್ರೆಯನ್ನು, ವಾಕರಿಕೆ ಬಾರದಂತೆ ಆಹಾರದೊಂದಿಗೆ ತೆಗೆದುಕೊಂಡು, ಅದು ಚರ್ಮ ತಲುಪುವವರೆಗೆ ಸುಮಾರು ಎರಡು ಗಂಟೆ ಕಾದು, ಕಣ್ಣಿಗೆ ಕಪ್ಪು ಕನ್ನಡಕ ಕಟ್ಟಿಕೊಂಡು ಒಳಗೆ ನಿಲ್ಲುತ್ತಾನೆ. ವಾರಕ್ಕೆ ಎರಡು ಮೂರು ಸಲ, ಆದರೆ ದಿನ ಬಿಟ್ಟು ದಿನವೇ. ಒಂದು ದಿನದ ಬೆಳಕಿನ ಸುಡುವಿಕೆ ಪೂರ್ತಿ ಕಾಣಲು ಎರಡು ಮೂರು ದಿನ ಬೇಕಾದ್ದರಿಂದ, ಅದನ್ನು ನೋಡದೆ ಮುಂದಿನ ಪ್ರಮಾಣ ಏರಿಸುವಂತಿಲ್ಲ.

ಸೋರಿಯಾಸಿಸ್‌ನಲ್ಲಿ, ಸಾಮಾನ್ಯವಾಗಿ ಸುಮಾರು ಒಂದು ತಿಂಗಳಲ್ಲಿ ಹೊಸದಾಗುವ ಮೇಲ್ಚರ್ಮ ಕೆಲವೇ ದಿನಗಳಲ್ಲಿ ಹೊಸದಾಗುತ್ತ, ಪದರ ಪದರವಾಗಿ ಹೊಟ್ಟು ಕಟ್ಟುತ್ತದೆ. ಜಿಪ್ಪಿಗೆ ಬಿದ್ದ ಹೊಲಿಗೆ ಈ ಅವಸರದ ವಿಭಜನೆಯನ್ನು ತಡೆಯುತ್ತದೆ, ಚರ್ಮಕ್ಕೆ ನುಗ್ಗಿ ಉರಿಯೂತ ತರುವ ಟಿ ಕೋಶಗಳೆಂಬ ರಕ್ಷಣಾ ಕೋಶಗಳನ್ನೂ ಕೊಲ್ಲುತ್ತದೆ.

ತೊನ್ನಿನಲ್ಲಿ ನಡೆಯುವುದು ಬೇರೆ. ದೇಹದ ರಕ್ಷಣಾ ಕೋಶಗಳೇ ಮೆಲನೊಸೈಟ್‌ಗಳನ್ನು ನಾಶಮಾಡಿದ್ದರಿಂದ ಚರ್ಮ ಬಿಳಿಯಾಗಿರುತ್ತದೆ. (ಇದು ಅಂಟುವುದಿಲ್ಲ, ಕುಷ್ಠವೂ ಅಲ್ಲ, ಹಳೆಯ ಗ್ರಂಥಗಳು ಎರಡನ್ನೂ ಒಂದೇ ಅಧ್ಯಾಯದಲ್ಲಿ ಇಟ್ಟದ್ದರ ನೆರಳು ಇಂದಿಗೂ ಮದುವೆಯ ಮಾತುಕತೆಗಳ ಮೇಲೆ ಬೀಳುತ್ತಿರುವುದು ನೋವಿನ ಸಂಗತಿ.) ಮಚ್ಚೆಯಲ್ಲಿ ಬಣ್ಣ ಹೋದರೂ ಕೂದಲಿನ ಬುಡದಲ್ಲಿ ಒಂದಷ್ಟು ಕೋಶಗಳು ಉಳಿದಿರುತ್ತವೆ. ಔಷಧ ಮತ್ತು ಬೆಳಕು ರಕ್ಷಣಾ ಕೋಶಗಳ ದಾಳಿಯನ್ನು ತಗ್ಗಿಸಿ, ಉಳಿದ ಈ ಕೋಶಗಳನ್ನು ಎಚ್ಚರಿಸಿ ಮೇಲಕ್ಕೆ ಕರೆಯುತ್ತವೆ. ಆದ್ದರಿಂದ ಬಿಳಿ ಮಚ್ಚೆ ಅಂಚಿನಿಂದ ತುಂಬುವುದಕ್ಕಿಂತ ಹೆಚ್ಚಾಗಿ, ಒಂದೊಂದು ಕೂದಲಿನ ಸುತ್ತ ಸಾಸಿವೆಯಷ್ಟು ಕಂದು ಚುಕ್ಕಿ ಮೂಡಿ, ಚುಕ್ಕಿಗಳು ಹರಡಿ ಒಂದಕ್ಕೊಂದು ಕೂಡುತ್ತವೆ. ಕೂದಲಿಲ್ಲದ ಬೆರಳತುದಿ ಮತ್ತು ತುಟಿಗಳಲ್ಲಿ ಫಲ ಕಡಿಮೆ. ಇದಕ್ಕೆ ತಿಂಗಳುಗಟ್ಟಲೆ ತಾಳ್ಮೆ ಬೇಕು.

ದೀಪದ ಪೆಟ್ಟಿಗೆ ದೂರವಿರುವವರಿಗಾಗಿ ಭಾರತದಲ್ಲಿ ಮಾತ್ರೆಯೊಂದಿಗೆ ಸೂರ್ಯನ ಬಿಸಿಲನ್ನೇ ಬಳಸುವ ಪೂವಾಸಾಲ್ ಎಂಬ ವಿಧಾನ ಬೆಳೆಯಿತು. ಕೆಲವೇ ನಿಮಿಷಗಳಿಂದ ಆರಂಭಿಸಿ, ವೈದ್ಯರ ಲೆಕ್ಕದಂತೆ ಏರಿಸುತ್ತ ಹೋಗಬೇಕು.

ಅಪಾಯಗಳನ್ನು ಮುಚ್ಚಿಡಬಾರದು. ಮಾತ್ರೆ ನುಂಗಿದ ಮೇಲೆ ಔಷಧ ಕಣ್ಣಿನ ಮಸೂರದಲ್ಲಿಯೂ ಇರುವುದರಿಂದ, 24 ಗಂಟೆಗಳ ಕಾಲ ಹೊರಗೆ ಮಾತ್ರವಲ್ಲ, ಬಸ್ಸಿನ ಕಿಟಕಿಯ ಪಕ್ಕದಲ್ಲಿಯೂ ಯುವಿ-ಎ ತಡೆಯುವ ಕನ್ನಡಕ ಧರಿಸಲು ಹೇಳುತ್ತಾರೆ. ಡಿಎನ್‌ಎಗೆ ಹೊಲಿಗೆ ಹಾಕುವ ಔಷಧ ನೂರಾರು ಸಲ ಕೊಟ್ಟಾಗ ಚರ್ಮದ ಕ್ಯಾನ್ಸರಿನ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಈ ಮಾಹಿತಿ ಮುಖ್ಯವಾಗಿ ಬಿಳಿ ಚರ್ಮದವರ ದೀರ್ಘಕಾಲದ ಅಧ್ಯಯನದಿಂದ ಬಂದದ್ದಾದರೂ ಲೆಕ್ಕವಿಡುವುದು ಎಲ್ಲರಿಗೂ ಅಗತ್ಯ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ, ಯಕೃತ್ತಿನ ತೊಂದರೆ ಇರುವವರಿಗೆ ಈ ಮಾತ್ರೆ ಕೊಡುವುದಿಲ್ಲ. ಈ ಕಾರಣಗಳಿಂದಲೇ ಈಗ 311 ನ್ಯಾನೊಮೀಟರ್ ಆಸುಪಾಸಿನ ಕಿರಿದಾದ ಯುವಿ-ಬಿ ಬೆಳಕಿನ ಚಿಕಿತ್ಸೆ ಹಲವೆಡೆ ಪೂವಾದ ಜಾಗವನ್ನು ಪಡೆದಿದೆ. ಅದಕ್ಕೆ ಮಾತ್ರೆ ಬೇಕಿಲ್ಲ.

ಚರ್ಮದಿಂದ ರಕ್ತದ ಚೀಲಕ್ಕೆ

ಬೆಳಕು ಚರ್ಮದಾಚೆ ಹೋಗಲಾರದು, ಆದರೆ ರಕ್ತವನ್ನು ಬೆಳಕಿನ ಬಳಿಗೆ ತರಬಹುದು. ಅಮೆರಿಕದ ರಿಚರ್ಡ್ ಎಡೆಲ್ಸನ್ ತಂಡ 1987ರಲ್ಲಿ ವಿವರಿಸಿದ ಫೋಟೊಫೆರೆಸಿಸ್ ಎಂಬ ವಿಧಾನದಲ್ಲಿ ರೋಗಿಯ ರಕ್ತ ಹೊರತೆಗೆದು, ಬಿಳಿರಕ್ತಕಣಗಳನ್ನು ಬೇರ್ಪಡಿಸಿ, ಮೆಥಾಕ್ಸಲೆನ್ ಇರುವಾಗ ಅವುಗಳ ಮೇಲೆ ಯುವಿ-ಎ ಹಾಯಿಸಿ ಮರಳಿ ದೇಹಕ್ಕೆ ಸೇರಿಸುತ್ತಾರೆ. ಚರ್ಮಕ್ಕೆ ಬರುವ ಟಿ ಕೋಶದ ಲಿಂಫೋಮಾ ಎಂಬ ಕ್ಯಾನ್ಸರು ಬೇರೆ ಮದ್ದಿಗೆ ಬಗ್ಗದ 37 ರೋಗಿಗಳಲ್ಲಿ 27 ಮಂದಿಗೆ ಗುಣ ಕಂಡಿತ್ತು. ಅಸ್ಥಿಮಜ್ಜೆ ಕಸಿಯಾದವರಲ್ಲಿ ದಾನಿಯ ಕೋಶಗಳು ರೋಗಿಯ ದೇಹದ ಮೇಲೆ ತಿರುಗಿಬಿದ್ದಾಗಲೂ ಈ ಚಿಕಿತ್ಸೆ ಬಳಕೆಯಲ್ಲಿದೆ.

ನನಗೆ ಇನ್ನೂ ಸೋಜಿಗವೆನಿಸುವುದು ಪ್ಲೇಟ್‌ಲೆಟ್ ಚೀಲದ ಉಪಯೋಗ. ಡೆಂಗಿಯ ದಿನಗಳಲ್ಲಿ ಬೆಂಗಳೂರಿನಲ್ಲಿ ಪ್ಲೇಟ್‌ಲೆಟ್ ಎಂಬ ಪದವನ್ನು ಕೇಳದವರಿಲ್ಲ. ಅವುಗಳನ್ನು ಫ್ರಿಜ್ಜಿನಲ್ಲಿಡದೆ ಕೋಣೆಯ ಉಷ್ಣತೆಯಲ್ಲಿಯೇ ಇಡಬೇಕಾದ್ದರಿಂದ ಬ್ಯಾಕ್ಟೀರಿಯಾ ಬೆಳೆಯುವ ಭಯವಿರುತ್ತದೆ. ಅಮೊಟೊಸಲೆನ್ ಎಂಬ ಕೃತಕ ಸೊರಾಲೆನ್ ಬೆರೆಸಿ ಯುವಿ-ಎ ಬಿಟ್ಟರೆ ಬ್ಯಾಕ್ಟೀರಿಯಾ, ವೈರಸ್‌ಗಳ ವಂಶವಾಹಿಗೆ ಹೊಲಿಗೆ ಬಿದ್ದು ಅವು ಹೆಚ್ಚಲಾರವು. ಪ್ಲೇಟ್‌ಲೆಟ್‌ಗೆ ಡಿಎನ್‌ಎ ಇರುವ ಕೋಶಕೇಂದ್ರವೇ ಇಲ್ಲದ್ದರಿಂದ ತನ್ನ ಕೆಲಸವನ್ನು ಉಳಿಸಿಕೊಳ್ಳುತ್ತದೆ. ಅಮೆರಿಕದಲ್ಲಿ ಇದಕ್ಕೆ 2014ರಲ್ಲಿ ಅನುಮತಿ ದೊರೆಯಿತು.

ಬಾಕುಚಿಯೋಲ್ ಬೇರೆ, ಬಾವಂಚಿ ಎಣ್ಣೆ ಬೇರೆ

ಸೀರಮ್ ಸೀಸೆಗಳ ಮೇಲಿರುವ ಬಾಕುಚಿಯೋಲ್ ಅದೇ ಬೀಜದ್ದಾದರೂ ಸೊರಾಲೆನ್ ಕುಲಕ್ಕೆ ಸೇರಿದ್ದಲ್ಲ. ಅದನ್ನು 1966ರಲ್ಲಿ ವಿವರಿಸಿದ್ದು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಸುಖ್ ದೇವ್ ಅವರ ತಂಡ. ತಂಡದಲ್ಲಿದ್ದ ಗೋವರ್ಧನ್ ಮೆಹ್ತಾ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. 2019ರಲ್ಲಿ ಪ್ರಕಟವಾದ, 44 ಮಂದಿಯ ಮೇಲೆ 12 ವಾರ ನಡೆದ ಪ್ರಯೋಗವೊಂದರಲ್ಲಿ ಮುಖದ ಸುಕ್ಕಿಗೆ ಅದು ವಿಟಮಿನ್ ಎ ಬಗೆಯ ರೆಟಿನಾಲ್‌ನಷ್ಟೇ ಫಲ ಕೊಟ್ಟಿತು. ಸಣ್ಣ ಪ್ರಯೋಗ ಎಂಬುದನ್ನು ನೆನಪಿಡಬೇಕು.

ಶುದ್ಧೀಕರಿಸಿದ ಬಾಕುಚಿಯೋಲ್‌ನಲ್ಲಿ ಸೊರಾಲೆನ್ ತೆಗೆದಿರುತ್ತಾರೆ. ಬೀಜವನ್ನೇ ಹಿಂಡಿದ ಅಥವಾ ಎಳ್ಳೆಣ್ಣೆಯಲ್ಲಿ ಕಾಯಿಸಿದ ಬಾವಂಚಿ ಎಣ್ಣೆಯಲ್ಲಿ ಅದು ಹಾಗೆಯೇ ಉಳಿದಿರುತ್ತದೆ, ಎಷ್ಟಿದೆ ಎಂಬುದು ಸೀಸೆಯಿಂದ ಸೀಸೆಗೆ ಬದಲಾಗುತ್ತದೆ. ಇಂಥ ಎಣ್ಣೆ ಹಚ್ಚಿಕೊಂಡು ಬೆಳಿಗ್ಗೆ ಸ್ಕೂಟರಿನಲ್ಲಿ ಕೆಲಸಕ್ಕೆ ಹೋದವರ ಮುಖ ನಿಂಬೆರಸ ಬಿದ್ದ ಕೈಯಂತೆಯೇ ಸುಡಬಹುದು. ಬೀಜದ ಪುಡಿ ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವೈದ್ಯಕೀಯ ದಾಖಲೆಗಳಲ್ಲಿವೆ. ಯಾವ ಪದ್ಧತಿಯ ವೈದ್ಯರಾದರೂ ಸರಿ, ಅಳತೆ ತಿಳಿದವರ ಕಣ್ಣೆದುರಲ್ಲದೆ ಇದನ್ನು ಬಳಸಬಾರದೆಂಬುದು ನನ್ನ ಕಳಕಳಿಯ ವಿನಂತಿ.

ರಸ ತಾಗಿದಾಗ

ನಿಂಬೆ ಹಿಂಡಿದ ಮೇಲೆ ಬೆರಳನ್ನಷ್ಟೇ ನೀರಿನಲ್ಲಿ ಅದ್ದಿ ಒರೆಸಿಕೊಂಡರೆ ಸಾಲದು. ಸಿಪ್ಪೆಯ ಎಣ್ಣೆ ನೀರಿಗೆ ಹೋಗುವುದಿಲ್ಲವಾದ್ದರಿಂದ ಮೊಣಕೈಯವರೆಗೆ ಸೋಪು ಹಾಕಿ ತೊಳೆದು ಬಿಸಿಲಿಗೆ ಹೋಗಬೇಕು. ಉರಿ ಆಗಲೇ ಶುರುವಾಗಿದ್ದರೆ ಆ ಭಾಗವನ್ನು ಬಟ್ಟೆಯಿಂದ ಮುಚ್ಚಿ ಬೆಳಕಿನಿಂದ ದೂರವಿಟ್ಟು, ತಣ್ಣೀರಿನ ಬಟ್ಟೆ ಹಾಕಬಹುದು. ಗುಳ್ಳೆ ಒಡೆಯಬಾರದು. ಗುಳ್ಳೆಗಳು ಹೆಚ್ಚಾಗಿದ್ದರೆ, ಮುಖದ ಮೇಲಿದ್ದರೆ ಅಥವಾ ಮಕ್ಕಳಿಗಾಗಿದ್ದರೆ ಚರ್ಮವೈದ್ಯರನ್ನು ಕಾಣಬೇಕು, ನಿಂಬೆ ಮುಟ್ಟಿದ್ದನ್ನು ಮರೆಯದೆ ಹೇಳಬೇಕು. ರಸ ಮೆತ್ತಿದ ಕೈಯಿಂದ ದೊಡ್ಡವರು ಎತ್ತಿಕೊಂಡ ಮಗುವಿನ ಮೈಮೇಲೆ ಬೆರಳಚ್ಚಿನಂತೆ ಕಲೆ ಮೂಡಿ, ಯಾರೋ ಹೊಡೆದಿದ್ದಾರೆಂದು ಮನೆಯವರ ಮೇಲೆಯೇ ಅನುಮಾನ ಹುಟ್ಟಿದ ಪ್ರಕರಣಗಳಿವೆ.

ನಮ್ಮ ಬೀದಿಯ ಹುಡುಗನ ಗುಳ್ಳೆಗಳು ಹತ್ತು ದಿನದಲ್ಲಿ ಒಣಗಿದವು. ಮಣಿಕಟ್ಟಿನಿಂದ ಇಳಿದ ಗೆರೆ ಮಾತ್ರ ಕೆಂಪಿನಿಂದ ಕಾಫಿಪುಡಿಯ ಬಣ್ಣಕ್ಕೆ ತಿರುಗಿ ಉಳಿದಿದೆ. ಪೂರ್ತಿ ಮಾಸಲು ಕೆಲವು ತಿಂಗಳು ಹಿಡಿಯಬಹುದು, ಅಲ್ಲಿಯವರೆಗೆ ತುಂಬುತೋಳಿನ ಅಂಗಿ ಹಾಕಿಕೋ ಎಂದು ವೈದ್ಯರು ಹೇಳಿ ಕಳಿಸಿದ್ದಾರೆ.